ಹರಾಜಲ್ಲಿ ಹಳೇ ಬಂಗಾರದ ನಾಣ್ಯ: ಪದೇ ಪದೇ ಕೇಳೋ ಪ್ರಶ್ನೆಗಳು

ದಾವಣಗೆರೇಲಿ ಕೂತು ಹಳೇ ನಾಣ್ಯ ಕೂಡಿಡೋ ಹುಚ್ಚು ಹತ್ತಿ ಇಪ್ಪತ್ತು ವರ್ಷದ ಮೇಲಾಯ್ತು. ಮದುವೆ ಮನೇಲಿ ಸಿಕ್ಕೋರು, ಫೋನ್ ಮಾಡೋರು, ಕಾಗದ ಬರೆಯೋರು, ಬೆಣ್ಣೆ ದೋಸೆ ತಿಂತಾ ಪಕ್ಕದ ಟೇಬಲ್ಲಿಂದ ತಿರುಗಿ ಕೇಳೋರು, ಎಲ್ಲರೂ ತಿರುಗಾ ಮುರುಗಾ ಇವೇ ಪ್ರಶ್ನೆ ಕೇಳ್ತಾರೆ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಪ್ರಶ್ನೆಗಳನ್ನ ಅವರು ಕೇಳಿದ ಹಂಗೇ ಹಾಕಿದೀನಿ, ತಿದ್ದಿಲ್ಲ.

## ಈಗಷ್ಟೇ ಶುರು ಮಾಡೋರಿಗೆ

ಬಂಗಾರ ಬಂಗಾರಾನೇ ಅಲ್ವಾ ಅಣ್ಣ, ಹಳೇದಕ್ಕೆ ಯಾಕೆ ಅಷ್ಟು ರೇಟು?

ಅಕ್ಷಯ ತೃತೀಯಕ್ಕೆ ಅಂಗಡೀಲಿ ತಗೊಳ್ಳೋ ಲಕ್ಷ್ಮಿ ಕಾಯಿನ್‌ಗೆ ತೂಕ, ಕ್ಯಾರೆಟ್ಟು, ಅವತ್ತಿನ ರೇಟು, ಇಷ್ಟೇ ಲೆಕ್ಕ. ಹಳೇ ನಾಣ್ಯದಲ್ಲಿ ಬಂಗಾರದ ಬೆಲೆ ಬರೀ ನೆಲ ಇದ್ದಂಗೆ, ಅದರ ಮೇಲೆ ಎಷ್ಟು ಅಂತಸ್ತು ಏಳುತ್ತೆ ಅನ್ನೋದು ಯಾವ ರಾಜನದು, ಯಾವ ಟಂಕಸಾಲೇದು (ನಾಣ್ಯ ಹೊಡೆಯೋ ಜಾಗ), ಎಷ್ಟು ಉಳಿದಿವೆ, ಎಷ್ಟು ಸವೆದಿದೆ, ಮತ್ತೆ ಇದುವರೆಗೂ ಯಾರ ಕೈಲಿತ್ತು ಅನ್ನೋದರ ಮೇಲೆ ನಿಂತಿರುತ್ತೆ. ಒಂದೇ ತೂಕದ ಎರಡು ವರಹ ಪಕ್ಕ ಪಕ್ಕ ಇಟ್ರೆ ಒಂದು ಬಂಗಾರದ ರೇಟಿಗಿಂತ ಸ್ವಲ್ಪ ಮೇಲೆ ಹೋಗುತ್ತೆ, ಇನ್ನೊಂದಕ್ಕೆ ಹತ್ತು ಪಟ್ಟು ಕೂಗ್ತಾರೆ. ಬರೀ ಬಂಗಾರಕ್ಕೆ ದುಡ್ಡು ಹಾಕ್ಬೇಕು ಅಂತಿದ್ರೆ ಹರಾಜಿನ ಕಡೆ ತಲೇನೇ ಹಾಕ್ಬೇಡಿ, ನೇರ ಬಂಗಾರದ ಅಂಗಡಿಗೆ ಹೋಗಿ.

ಹಣ, ವರಹ, ಗದ್ಯಾಣ, ಪಗೋಡ, ಮೊಹರು... ಎಲ್ಲಾ ಒಂದೇನಾ? ಕ್ಯಾಟಲಾಗ್ ನೋಡಿ ತಲೆ ಕೆಟ್ಟೋಯ್ತು

ಗದ್ಯಾಣ, ವರಹ, ಪಗೋಡ ಈ ಮೂರೂ ಹೆಚ್ಚೂ ಕಮ್ಮಿ ಒಂದೇ ಜಾತಿ. ಶಾಸನಗಳಲ್ಲಿ ಗದ್ಯಾಣ ಅಂತ ಬರುತ್ತೆ, ಚಾಲುಕ್ಯರ ಹಂದಿ ಮುದ್ರೆಯಿಂದ ವರಹ ಅನ್ನೋ ಹೆಸರು ನಿಂತಿತು, ಪರದೇಶದವರು ಅದನ್ನೇ ಪಗೋಡ ಅಂದ್ರು. ವಿಜಯನಗರದ ವರಹ ಸುಮಾರು 3.4 ಗ್ರಾಂ, ಹೊಯ್ಸಳರ ಗದ್ಯಾಣ ಅದಕ್ಕಿಂತ ಒಂಚೂರು ಭಾರ, 4 ಗ್ರಾಂ ಹತ್ರ ಬರುತ್ತೆ. ವರಹದ ಅರ್ಧಕ್ಕೆ ಪ್ರತಾಪ ಅಂತಾರೆ. ವರಹದಲ್ಲಿ ಹತ್ತನೇ ಒಂದು ಪಾಲು ಹಣ, 0.35 ಗ್ರಾಂ ಆಸುಪಾಸು, ಕಡಲೆಬೇಳೆಗಿಂತಾನೂ ಚಿಕ್ಕದು, ಫ್ಯಾನ್ ಗಾಳಿಗೆ ಹಾರಿ ಸೋಫಾ ಸಂದಿಗೆ ಬಿದ್ರೆ ಗುಡಿಸೋವಾಗ ಸಿಕ್ರೆ ಸಿಕ್ತು. ನಾವು ದಿನಾ ಬಾಯಲ್ಲಿ ಹಣ ಹಣ ಅಂತೀವಲ್ಲ, ಅದೇ ಇದು. ಮೊಹರು ಬೇರೆ ಸಂಸಾರ. ಮೊಗಲರ ಕಾಲದ್ದು, ಆಮೇಲೆ ಕಂಪನಿ ಸರ್ಕಾರನೂ ಹೊಡೀತು, ಬ್ರಿಟಿಷ್ ಮೊಹರು 11.66 ಗ್ರಾಂ, 22 ಕ್ಯಾರೆಟ್ಟು. ಸವರನ್ ಅಂದ್ರೆ ಇಂಗ್ಲೆಂಡಿಂದು, 7.98 ಗ್ರಾಂ, ಅದೂ 22 ಕ್ಯಾರೆಟ್ಟು.

ಎಷ್ಟು ದುಡ್ಡಿದ್ರೆ ಶುರು ಮಾಡಬಹುದು?

ಹಣದಿಂದ ಶುರು ಮಾಡಿ. ಮೈಸೂರಿನ ಕಂಠೀರವ ನರಸರಾಜ ಒಡೆಯರು (ಆಳಿದ್ದು 1638ರಿಂದ 1659) ಹೊಡೆಸಿದ ಕಂಠೀರಾಯಿ ಹಣ ಐತಲ್ಲ, ಒಂದು ಕಡೆ ನರಸಿಂಹ ಇರೋದು, ಅದು ಬೇಜಾನ್ ಉಳಿದಿದೆ, ತೂಕನೂ ಕಮ್ಮಿ, ಹಂಗಾಗಿ ಕೈ ಸುಡಲ್ಲ. ಅದರಲ್ಲಿ ಕಣ್ಣು ಪಳಗಿದ ಮೇಲೆ ಪ್ರತಾಪ, ಆಮೇಲೆ ವರಹ. ಮೊದಲನೇ ಹರಾಜಲ್ಲೇ ಮೊಹರಿಗೆ ಕೈ ಹಾಕಿದವರು ಎರಡನೇ ಹರಾಜಿಗೆ ಬಂದದ್ದು ನಾನಂತೂ ಕಮ್ಮಿ ನೋಡಿದೀನಿ.

ನಮ್ಮ ದುರ್ಗದ ಕಡೆ ಬಂಗಾರದ ನಾಣ್ಯ ಹೊಡೀತಿದ್ರಾ ಸಾರ್? ಹಂಪಿ, ಮೈಸೂರು ಬಿಟ್ರೆ ಬೇರೆ ಮಾತೇ ಇಲ್ಲ

ಈ ಪ್ರಶ್ನೆ ಕೇಳಿದವರಿಗೆ ನಾನೇ ಟೀ ಕುಡಿಸ್ತೀನಿ. ಚಿತ್ರದುರ್ಗದ ಕೋಟೆ ಮೇಲೆ ಏಕನಾಥೇಶ್ವರಿ ಗುಡಿ, ಒನಕೆ ಓಬವ್ವನ ಕಿಂಡಿ ನೋಡ್ಕೊಂಡು ಎಲ್ಲಾರೂ ಇಳಿದು ಬರ್ತಾರೆ, ಮಣ್ಣಿನ ಗೋಡೆ ನಿಂತಿರೋ ಟಂಕಸಾಲೆ ಮುಂದೆ ಎರಡು ನಿಮಿಷ ನಿಲ್ಲೋರು ಯಾರೂ ಇಲ್ಲ. ಪಾಳೇಗಾರರ ಕಾಲದ ದುರ್ಗಿ ವರಹಕ್ಕೆ ಆ ಹೆಸರು ಬಂದಿರೋದೇ ಈ ಊರಿಂದ.

ಅದಕ್ಕೂ ಹಿಂದಕ್ಕೆ ಹೋದ್ರೆ ಈ ಸೀಮೆ ನೊಳಂಬವಾಡಿ. ಹೊಯ್ಸಳ ವಿಷ್ಣುವರ್ಧನ 12ನೇ ಶತಮಾನದಲ್ಲಿ ಇದನ್ನ ಗೆದ್ದಾಗ ಬಂಗಾರದ ಗದ್ಯಾಣದ ಮೇಲೆ ಕನ್ನಡದಲ್ಲೇ 'ಶ್ರೀ ನೊಣಂಬವಾಡಿಗೊಂಡ' ಅಂತ ಹಾಕಿಸಿದ, ಇನ್ನೊಂದು ಕಡೆ ಸಿಂಹ. ತಲಕಾಡು ಗೆದ್ದಿದ್ದಕ್ಕೆ 'ಶ್ರೀ ತಳಕಾಡುಗೊಂಡ' ಅಂತ ಇನ್ನೊಂದು ತರದ್ದು. ಗೆದ್ದಿದ್ದನ್ನ ನಾಣ್ಯದ ಮೇಲೇ ಬರೆಸಿ ಸಂತೆ ಸಂತೆಗೆ ಕಳಿಸೋದು ಅಂದ್ರೆ ಎಂಥಾ ಪ್ರಚಾರ ನೋಡ್ರಿ. ಮೊದಲನೇ ಸಲ ಆ ಅಕ್ಷರಾನ ಭೂತಗನ್ನಡಿ ಕೆಳಗೆ ಒಂದೊಂದಾಗಿ ಕೂಡಿಸಿ ಓದಿದಾಗ, ಸೋತಿದ್ದು ನಮ್ಮ ಸೀಮೆ ಅನ್ನೋದು ಮರೆತು ಖುಷಿಪಟ್ಟೆ.

ಇನ್ನೂ ಹಿಂದೆ ಅಂದ್ರೆ ಚಂದ್ರವಳ್ಳಿ. ಅಲ್ಲಿ 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಶಾತವಾಹನರ ಸೀಸದ ನಾಣ್ಯ, ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದವು. ಬಂಗಾರ ಅಲ್ಲ, ಆದ್ರೂ ಹೇಳ್ದೆ, ಎರಡು ಸಾವಿರ ವರ್ಷದ ಹಿಂದೆ ರೋಮಿನ ದುಡ್ಡು ದುರ್ಗದ ಬೆಟ್ಟದ ಬುಡಕ್ಕೆ ಬಂದಿತ್ತು ಅಂತ. 1779ರಲ್ಲಿ ಹೈದರ್ ಕೋಟೆ ತಗೊಂಡ ಮೇಲೆ, ಟಿಪ್ಪು ಊರಿನ ಹೆಸರನ್ನೇ ಫರ್ರುಖ್‌ಯಾಬ್ ಹಿಸಾರ್ ಅಂತ ಬದಲಾಯಿಸಿ ಆ ಹೆಸರಲ್ಲಿ ತಾಮ್ರದ ಕಾಸು ಹೊಡೆಸಿದ. ಕ್ಯಾಟಲಾಗಲ್ಲಿ ಆ ಹೆಸರು ಕಂಡ್ರೆ ಎಲ್ಲೋ ಉತ್ತರದ ಊರು ಅನ್ಕೊಂಡು ಪುಟ ತಿರುಗಿಸ್ಬೇಡಿ, ಅದು ನಮ್ಮ ದುರ್ಗಾನೇ.

## ಕಾನೂನು, ಪೊಲೀಸ್ರು, ಮೋಸ

ಹಳೇ ನಾಣ್ಯ ಮನೇಲಿ ಇಟ್ಕೊಂಡ್ರೆ ಕೇಸ್ ಆಗುತ್ತಾ? ಲೈಸನ್ಸ್ ಬೇಕಾ?

ಇಟ್ಕೊಳ್ಳೋಕೆ, ಹರಾಜಲ್ಲಿ ತಗೊಳ್ಳೋಕೆ ಲೈಸನ್ಸ್ ಬೇಡ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನ ವ್ಯಾಪಾರವಾಗಿ ಮಾಡೋರಿಗೆ ಲೈಸನ್ಸ್ ಬೇಕು. ಶಿಲ್ಪ, ಹಳೇ ಚಿತ್ರ, ಇಂಥವನ್ನ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸ್ಬೇಕು, ನಾಣ್ಯ ಆ ಪಟ್ಟೀಲಿ ಇಲ್ಲ. ಆದ್ರೆ ಎಲ್ಲಿಂದ ತಗೊಂಡ್ರಿ ಅಂತ ಕೇಳಿದ್ರೆ ತೋರಿಸೋಕೆ ಬಿಲ್ಲು ಇರ್ಬೇಕು. ನನ್ನ ಹತ್ರ ಮೊದಲನೇ ಹಣದಿಂದ ಹಿಡಿದು ಪ್ರತಿಯೊಂದರ ಬಿಲ್ಲೂ ಒಂದು ಫೈಲಲ್ಲಿ ಐತೆ, ಮನೆ ಪತ್ರದ ಜೊತೆಗೇ ಇಟ್ಟಿದೀನಿ.

ನಮ್ಮ ಹೊಲ ಉಳೋವಾಗ ಸಣ್ಣ ಗಡಿಗೇಲಿ ನಾಣ್ಯ ಸಿಕ್ಕಿವೆ ಅಂತಿಟ್ಕೊಳ್ಳಿ. ಹೊಲ ನಮ್ದೇ ಅಲ್ವಾ, ಹರಾಜಿಗೆ ಹಾಕಬಹುದಲ್ಲ?

'ಅಂತಿಟ್ಕೊಳ್ಳಿ' ಅಂದವರೆಲ್ಲಾ ನನಗೆ ಸ್ವಲ್ಪ ಗಾಬರಿ ಮಾಡ್ತಾರೆ. ಹಾಕಂಗಿಲ್ಲ. ಭೂಮಿ ಒಳಗೆ ಸಿಕ್ಕಿದ್ದು ನಿಧಿ, ಅದಕ್ಕೆ 1878ರಿಂದಲೇ ಕಾಯ್ದೆ ಐತೆ, ಕರ್ನಾಟಕದ್ದೇ ಆದ ನಿಧಿ ಕಾಯ್ದೆ 1962ರದ್ದು. ಸಿಕ್ಕಿದ್ದನ್ನ ಡಿಸಿ ಆಫೀಸಿಗೆ ತಿಳಿಸ್ಬೇಕು, ತಿಳಿಸ್ದೆ ಮುಚ್ಚಿಟ್ರೆ ಅದೇ ಅಪರಾಧ, ಇರೋ ಹಕ್ಕನ್ನೂ ಕಳ್ಕೊಳ್ತೀರಿ. ಅಧಿಕಾರಿಗಳು ಬರೋ ತನಕ ಗಡಿಗೆ ಒಳಗಿನ ಮಣ್ಣು ಕೂಡ ತೊಳೀಬೇಡಿ, ಎಷ್ಟು ಆಳದಲ್ಲಿತ್ತು, ಗಡಿಗೆ ಹೆಂಗಿತ್ತು, ಜೊತೇಲಿ ಏನೇನಿತ್ತು ಅನ್ನೋದು ಚರಿತ್ರೆ ಓದೋರಿಗೆ ನಾಣ್ಯಕ್ಕಿಂತ ದೊಡ್ಡದು.

ಯಾರೋ ಫೋನ್ ಮಾಡಿ, ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಿವೆ, ಅರ್ಧ ರೇಟಿಗೆ ಕೊಡ್ತೀನಿ ಅಂತಿದಾರೆ. ಸ್ಯಾಂಪಲ್ ಟೆಸ್ಟ್ ಮಾಡಿಸ್ದೆ, ಅಸಲಿನೇ ಬಂತು! ತಗೊಳ್ಲಾ?

ಬೇಡ. ಬೇಡ. ಬೇಡ.

ನಮ್ಮ ದಾವಣಗೆರೆ, ಹರಪನಹಳ್ಳಿ, ಚಿತ್ರದುರ್ಗ ಸೀಮೇಲಿ ಈ ಆಟ ಎಷ್ಟು ಹಳೇದು ಅಂದ್ರೆ ಪೊಲೀಸ್ ಸ್ಟೇಷನ್ ಗೋಡೆ ಮೇಲೇ ಎಚ್ಚರಿಕೆ ಬರೆಸ್ತಾರೆ, ಆದ್ರೂ ವರ್ಷಕ್ಕೆ ಎಷ್ಟೋ ಜನ ದೂರದ ಊರಿಂದ ಬಸ್ ಹತ್ತಿ ಬಂದು ಬೀಳ್ತಾರೆ. ಕತೆ ಒಂದೇ. ಅಜ್ಜನ ಮನೆ ಕೆಡವಿದ್ವಿ, ಗಡಿಗೆ ಸಿಕ್ತು, ನಮಗೆ ಓದು ಬರಲ್ಲ, ಊರಲ್ಲಿ ಮಾರಿದ್ರೆ ಪೊಲೀಸ್ರು ಹಿಡೀತಾರೆ, ನೀವು ಒಳ್ಳೆಯವರ ತರ ಕಾಣ್ತೀರಿ. ಒಂದೋ ಎರಡೋ ಕೈಗಿಡ್ತಾರೆ, ಅದು ಪಕ್ಕಾ ಬಂಗಾರ. ನೀವು ನಿಮ್ಮೂರ ಅಕ್ಕಸಾಲಿಗನ ಹತ್ರ ತೋರಿಸ್ತೀರಿ, ಅಸಲಿ ಅಂತಾನೆ, ಅವತ್ತು ರಾತ್ರಿ ನಿದ್ದೆ ಬರಲ್ಲ. ಆಮೇಲೆ ದುಡ್ಡು ಜೋಡಿಸ್ಕೊಂಡು ಅವರು ಹೇಳಿದ ಹೊಲದ ಹತ್ರ, ಹಳ್ಳದ ಹತ್ರ ಹೋಗ್ತೀರಿ. ಚೀಲ ಕೈಗೆ ಬರೋ ಹೊತ್ತಿಗೆ ಯಾರೋ 'ಪೊಲೀಸ್ ಬಂದ್ರು' ಅಂತ ಕೂಗ್ತಾರೆ, ಓಡಿ ಬಂದು ಚೀಲ ಬಿಚ್ಚಿದ್ರೆ ಹಿತ್ತಾಳೆ. ಕೆಲವು ಸಲ ಚೀಲನೂ ಇಲ್ಲ, ಹೊಡೆದು ಕಿತ್ಕೊಂಡು ಹೋಗ್ತಾರೆ.

ನನಗೆ ಗೊತ್ತಿರೋರೊಬ್ರು, ರಿಟೈರ್ ಆಗಿ ಬಂದ ದುಡ್ಡಲ್ಲಿ ದೊಡ್ಡ ಪಾಲು ಹಿಂಗೇ ಕಳ್ಕೊಂಡು, ಆ ಚೀಲ ತಗೊಂಡು ನಮ್ಮ ಮನೆಗೇ ಬಂದಿದ್ರು. ಮೇಜಿನ ಮೇಲೆ ಸುರಿದ್ರು. ಸದ್ದಲ್ಲೇ ಗೊತ್ತಾಯ್ತು. ಒಂದರ ಮೇಲೂ ರಾಜನ ಹೆಸರಿಲ್ಲ, ಅಕ್ಷರ ಅನ್ನೋ ಜಾಗದಲ್ಲಿ ಬರೀ ಗೀಟು, ಎಲ್ಲಾ ಒಂದೇ ಅಚ್ಚು, ಒಂದೇ ಕಡೆ ಒಂದೇ ತರ ಮುಕ್ಕು. ಅವರು ಮಾತ್ರ 'ಇನ್ನೊಂದ್ಸಲ ನೋಡಿ, ಅಡಿಯಲ್ಲಿರೋವು ಬೇರೆ ಇರಬಹುದು' ಅಂತ ಕೈಯಲ್ಲಿ ಕೆದಕ್ತಾನೇ ಇದ್ರು. ಕಂಪ್ಲೇಂಟ್ ಕೊಡೋಕೂ ಹಿಂಜರಿತ, ಯಾಕಂದ್ರೆ ನಿಧಿ ಅಂತ ಗೊತ್ತಿದ್ದೇ ಕೊಳ್ಳೋಕೆ ಹೋಗಿದ್ದಲ್ವಾ. ಈ ಆಟ ನಿಂತಿರೋದೇ ಆ ಹಿಂಜರಿಕೆ ಮೇಲೆ.

ಲಂಡನ್, ಜಿನೀವಾ ಹರಾಜಲ್ಲಿ ರೇಟು ಜಾಸ್ತಿಯಂತೆ, ತಮ್ಮ ಅಲ್ಲೇ ಇದಾನೆ, ಕಳಿಸ್ಲಾ?

ನೂರು ವರ್ಷ ದಾಟಿದ್ದನ್ನ ದೇಶದ ಹೊರಗೆ ಕಳಿಸಂಗಿಲ್ಲ, ಕೇಂದ್ರ ಸರ್ಕಾರ ಅಥವಾ ಅದು ಒಪ್ಪಿದ ಸಂಸ್ಥೆ ಬಿಟ್ರೆ ಯಾರಿಗೂ ಅಧಿಕಾರ ಇಲ್ಲ. ಸಿಕ್ಕಿಬಿದ್ರೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು. ಇದರಲ್ಲಿ ಜನ ಮರೆಯೋ ಒಂದು ಮಾತೈತೆ. ನೂರರ ಗೆರೆ ವರ್ಷಾ ವರ್ಷಾ ಮುಂದಕ್ಕೆ ಹೋಗ್ತಾನೇ ಇರುತ್ತೆ. 1918ರಲ್ಲಿ ಬಾಂಬೆ ಟಂಕಸಾಲೇಲಿ ಹೊಡೆದ ಸವರನ್ನು, ಅದೇ ವರ್ಷದ 15 ರೂಪಾಯಿ ಬಂಗಾರದ ನಾಣ್ಯ, ಇವು 2017ರಲ್ಲಿ ಬರೀ ಹಳೇ ನಾಣ್ಯ, ಈಗ ಪುರಾತನ ವಸ್ತು.

## ಹರಾಜಿನ ಮನೇಲಿ

ಹರಾಜು ಅಂದ್ರೆ ಅಡಿಕೆ ಮಂಡೀಲಿ ಕೂಗಿದಂಗೇನಾ? ಹೆಂಗೆ ನಡೆಯುತ್ತೆ?

ಕೂಗು ಅದೇ, ಗಲಾಟೆ ಕಮ್ಮಿ. ಬೆಂಗಳೂರಲ್ಲಿ ಮರುಧರ್ ಆರ್ಟ್ಸ್, ಮುಂಬೈಲಿ ತೋಡಿವಾಲಾ, ಅಹಮದಾಬಾದಲ್ಲಿ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಹಿಂಗೆ ಹೆಸರಿರೋ ಮನೆಗಳಿವೆ. ಹರಾಜಿಗೆ ಮುಂಚೆ ಕ್ಯಾಟಲಾಗ್ ಬರುತ್ತೆ, ಒಂದೊಂದು ನಾಣ್ಯಕ್ಕೂ ಲಾಟ್ ನಂಬರು, ಎರಡೂ ಕಡೆ ಫೋಟೋ, ತೂಕ, ಅಂದಾಜು ಬೆಲೆ. ಮಾರೋನು ಇದಕ್ಕಿಂತ ಕೆಳಗೆ ಕೊಡಲ್ಲ ಅಂತ ಗುಟ್ಟಾಗಿ ಒಂದು ಬೆಲೆ ಇಟ್ಟಿರ್ತಾನೆ, ಅದು ರಿಸರ್ವ್. ಹರಾಜಿನ ಹಿಂದಿನ ದಿನವೋ ಅವತ್ತು ಬೆಳಿಗ್ಗೆಯೋ ನಾಣ್ಯಗಳನ್ನ ಕೈಗೆ ಕೊಟ್ಟು ತೋರಿಸ್ತಾರೆ. ಕೂಗೋ ದಿನಕ್ಕಿಂತ ಈ ನೋಡೋ ದಿನಾನೇ ಮುಖ್ಯ, ಫೋಟೋದಲ್ಲಿ ಅಂಚು ಕಾಣಲ್ಲ.

ಬೆಂಗಳೂರಿಗೆ ಹೋಗ್ಲೇಬೇಕಾ?

ಇಲ್ಲ. ಆನ್‌ಲೈನ್ ಬಿಡ್ ಹಾಕಬಹುದು, ಫೋನಲ್ಲೂ ಕೂಗಬಹುದು, ಇಷ್ಟರ ತನಕ ಹೋಗಿ ಅಂತ ಮೊದಲೇ ಬರೆದೂ ಕೊಡಬಹುದು. ಆದ್ರೆ ಮೊದಲನೇ ಒಂದೆರಡು ಸಲ ಬೆಳಿಗ್ಗೆ ರೈಲು ಹತ್ತಿ ಹೋಗಿ ಸುಮ್ನೆ ಹಿಂದಿನ ಸಾಲಲ್ಲಿ ಕೂತು ನೋಡಿ ಬನ್ನಿ, ಕೈ ಎತ್ತದಂಗೆ.

ಸುತ್ತಿಗೆ ಬಿದ್ದ ರೇಟು ಕೊಟ್ರೆ ಮುಗೀತಲ್ಲ?

ಮುಗಿಯಲ್ಲ, ಅಲ್ಲೇ ಎಲ್ಲಾರೂ ಎಡವೋದು. ಕೊಂಡವರ ಕಡೆಯಿಂದ ಹರಾಜಿನ ಮನೆ ಒಂದು ಕಮಿಷನ್ ತಗೊಳ್ಳುತ್ತೆ, ಪ್ರೀಮಿಯಂ ಅಂತಾರೆ. 20 ಪರ್ಸೆಂಟ್ ಅಂತಿಟ್ಕೊಂಡ್ರೆ ಒಂದು ಲಕ್ಷಕ್ಕೆ ಸುತ್ತಿಗೆ ಬಿದ್ದದ್ದು ಅಲ್ಲೇ 1,20,000 ಆಯ್ತು, ಅದರ ಮೇಲೆ ಜಿಎಸ್‌ಟಿ, ಮನೆಗೆ ತರಿಸಿದ್ರೆ ಇನ್ಶೂರೆನ್ಸ್, ಕೊರಿಯರ್. ಕ್ಯಾಟಲಾಗಿನ ನಿಯಮದ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇವೆಲ್ಲಾ ಇರುತ್ತೆ, ನಾಣ್ಯದ ಫೋಟೋ ನೋಡೋಕೆ ಮುಂಚೆ ಅದನ್ನ ಓದಿ. ನಕಲಿ ಬಂದ್ರೆ ಎಷ್ಟು ದಿನದೊಳಗೆ ವಾಪಸ್ ತಗೋತಾರೆ ಅನ್ನೋದೂ ಅಲ್ಲೇ ಇರುತ್ತೆ. ಎರಡು ಲಕ್ಷ ಮುಟ್ಟಿದ್ರೆ ಕ್ಯಾಶ್ ನಡೆಯಲ್ಲ, ಪ್ಯಾನ್ ಬೇಕು.

ಜೋಶಲ್ಲಿ ಏರಿಸಿಬಿಡ್ತೀನಿ ಸಾರ್, ಆಮೇಲೆ ಮನೇಲಿ ಬೈಸ್ಕೊಳ್ತೀನಿ. ಏನ್ ಮಾಡ್ಲಿ?

ನನ್ನದೂ ಅದೇ ಕತೆ. ಮುಮ್ಮಡಿ ಕೃಷ್ಣರಾಜರ ವರಹ ಒಂದಿತ್ತು, ಒಂದು ಕಡೆ ಶಿವ ಪಾರ್ವತಿ, ಹಿಂದೆ ನಾಗರೀಲಿ 'ಶ್ರೀ ಕೃಷ್ಣರಾಜ', ಅಚ್ಚು ಮಧ್ಯಕ್ಕೆ ಸರಿಯಾಗಿ ಬಿದ್ದಿತ್ತು, ಸಾಮಾನ್ಯವಾಗಿ ಒಂದು ಕಡೆ ಕೊಯ್ದು ಹೋಗಿರುತ್ತೆ. ಚೀಟೀಲಿ ಮಿತಿ ಬರ್ಕೊಂಡು ಹೋಗಿದ್ದೆ. ಮುಂದಿನ ಸಾಲಲ್ಲಿ ಒಬ್ರು ನೀಲಿ ಶರ್ಟಿನವರು ನಾನು ಕೈ ಎತ್ತಿದಾಗೆಲ್ಲಾ ಎತ್ತೋರು, ತಿರುಗಿ ನೋಡಿ ಒಂಚೂರು ನಗೋರು. ಆ ನಗುವಿಗೆ ನಾನು ನಾಣ್ಯ ಮರೆತು ಅವರ ಮೇಲೆ ಕೂಗೋಕೆ ಶುರು ಮಾಡ್ದೆ. ಮಿತಿ ಮೇಲೆ ಕಾಲು ಭಾಗ ಜಾಸ್ತಿ ಹೋಗಿ ಸುತ್ತಿಗೆ ಬಿತ್ತು, ಪ್ರೀಮಿಯಂ ಸೇರಿದ ಮೇಲೆ ಅರ್ಧದ ಹತ್ರ. ನಾಲ್ಕು ತಿಂಗಳಿಗೆ ಅಂಥದ್ದೇ ಇನ್ನೊಂದು ನನ್ನ ಚೀಟಿ ಬೆಲೆಗಿಂತ ಕಮ್ಮಿಗೆ ಹೋಯ್ತು.

ಈಗ ನಾನು ಮಾಡೋದು: ಅದೇ ತರದ್ದು ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ಅಂತ ನೋಡಿ (ಹರಾಜಿನ ಮನೆಗಳು ಫಲಿತಾಂಶ ಹಾಕ್ತವೆ), ಪ್ರೀಮಿಯಂ, ಜಿಎಸ್‌ಟಿ ಎಲ್ಲಾ ಕಳೆದು, ಕೂಗೋ ಬೆಲೇನ ಕ್ಯಾಟಲಾಗ್ ಮೇಲೇ ಬಾಲ್‌ಪೆನ್ನಲ್ಲಿ ಬರೀತೀನಿ. ಪೆನ್ಸಿಲ್ಲಲ್ಲಿ ಬರೆದ್ರೆ ಅಲ್ಲಿ ಕೂತು ಅಳಿಸ್ತೀನಿ ಅಂತ ಗೊತ್ತಿದೆ.

## ಅಸಲಿಯೋ ನಕಲಿಯೋ

ಚೌಕಿಪೇಟೇಲಿ ಪರಿಚಯದ ಅಕ್ಕಸಾಲಿಗರಿದಾರೆ, ಒರೆಗಲ್ಲಿಗೆ ತಿಕ್ಕಿಸಿ ನೋಡಿದ್ರೆ ಸಾಕಲ್ವಾ?

ಅವರು ಹೇಳೋದು ಬಂಗಾರ ಹೌದೋ ಅಲ್ವೋ ಅಂತ. ನಾಣ್ಯ ಹೌದೋ ಅಲ್ವೋ ಅಂತ ಅಲ್ಲ. ಬೆಲೆ ಬಾಳೋ ನಾಣ್ಯದ ನಕಲಿಯನ್ನ ಪಿತ್ತಲೇಲಿ ಮಾಡಲ್ಲ, ಅಸಲಿ ಬಂಗಾರದಲ್ಲೇ ಮಾಡ್ತಾರೆ, ಮೂರೂವರೆ ಗ್ರಾಂ ಬಂಗಾರ ಹಾಕಿ ಅದರ ಹತ್ತು ಪಟ್ಟು ತೆಗೆಯೋದಾದ್ರೆ ಯಾಕೆ ಮಾಡಲ್ಲ? ಮೇಲಾಗಿ ಒರೆಗೆ ತಿಕ್ಕಿದ ಗೀರು ಅಂಚಲ್ಲಿ ಉಳಿಯುತ್ತೆ, ನಾಣ್ಯದ ಬೆಲೆ ನೀವೇ ಇಳಿಸಿದಂಗೆ.

ನೋಡ್ಬೇಕಾದ್ದು ಹೊಡೆದದ್ದೋ ಎರಕ ಹೊಯ್ದದ್ದೋ ಅಂತ. ಹಳೇ ಕಾಲದಲ್ಲಿ ಬಂಗಾರದ ಬಿಲ್ಲೆ ಇಟ್ಟು ಅಚ್ಚಿಂದ ಹೊಡೀತಿದ್ರು, ಹಂಗಾಗಿ ಗೆರೆ ಚೂಪು, ಬಯಲು ನಯ. ಎರಕದ್ದರಲ್ಲಿ ಹತ್ತು ಪಟ್ಟು ದೊಡ್ಡದು ಮಾಡೋ ಗಾಜಲ್ಲಿ ನೋಡಿದ್ರೆ ಸಣ್ಣ ಸಣ್ಣ ತೂತು, ಅಕ್ಷರದ ಅಂಚು ಸೋಪು ಕರಗಿದಂಗೆ ದುಂಡಗೆ, ಸುತ್ತಲ ಅಂಚಲ್ಲಿ ಅಚ್ಚು ಕೂಡಿದ ಗೀಟು ಅಥವಾ ಅದನ್ನ ಅರದಲ್ಲಿ ಉಜ್ಜಿದ ಗುರುತು. ಇನ್ನೊಂದು ಉಪಾಯ, ಕೈಯಿಂದ ಹೊಡೆದ ಎರಡು ನಾಣ್ಯ ಯಾವತ್ತೂ ಪೂರ್ತಿ ಒಂದೇ ತರ ಇರಲ್ಲ, ಅಚ್ಚು ಒಂದೇ ಆದ್ರೂ ಬಿಲ್ಲೆಯ ಸೀಳು, ಮುಕ್ಕು ಬೇರೆ ಬೇರೆ. ನಾನು ಒಂದು ಮೇಳದಲ್ಲಿ ಒಬ್ಬ ವ್ಯಾಪಾರಿ ಹತ್ರ ಬಾಲಕೃಷ್ಣ ತರದ ವರಹ ತಗೊಂಡಿದ್ದೆ, ಕೃಷ್ಣದೇವರಾಯ ಉದಯಗಿರಿ ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದ ನೆನಪಿಗೆ ಹೊಡೆಸಿದ್ದು ಅಂತಾರಲ್ಲ ಅದು. ಎರಡು ವರ್ಷ ಖುಷಿಯಾಗಿದ್ದೆ. ಆಮೇಲೆ ಬೇರೆ ಊರಿನ ಗೆಳೆಯನ ಮನೇಲಿ ಅವನದ್ದೂ ನೋಡ್ದೆ. ಕೃಷ್ಣನ ಎಡ ಮೊಣಕಾಲ ಕೆಳಗೆ ಒಂದು ಗೀರು, ಅಂಚಲ್ಲಿ ಎಂಟು ಗಂಟೆ ಜಾಗದಲ್ಲಿ ಒಂದು ಸೀಳು. ನನ್ನದರಲ್ಲೂ ಅಲ್ಲೇ ಗೀರು, ಅಲ್ಲೇ ಸೀಳು. ಇಬ್ರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಅವನ ಹೆಂಡ್ತಿ ಬಂದು 'ಯಾಕ್ರೀ ಯಾರಾದ್ರೂ ಹೋಗ್ಬಿಟ್ರಾ' ಅಂದ್ರು.

ಮನೇಲೇ ಟೆಸ್ಟ್ ಮಾಡೋ ವಿಧಾನ ಇಲ್ವಾ?

ಐತೆ, ನೀರಿನ ತೂಕ. 0.01 ಗ್ರಾಂ ತೋರಿಸೋ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಮೊದ್ಲು ನಾಣ್ಯ ತೂಗಿ ಬರ್ಕೊಳ್ಳಿ. ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ನಾಣ್ಯಾನ ಸಣ್ಣ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗೋ ಹಂಗೆ ಇಳಿಬಿಡಿ, ತಳಕ್ಕೆ, ಬದಿಗೆ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ಏನು ತೋರಿಸುತ್ತೋ ಅದರಿಂದ ಮೊದಲಿನ ತೂಕ ಭಾಗಿಸಿ. 11.66 ಗ್ರಾಂ ಮೊಹರು ನೀರಲ್ಲಿ 0.66 ತೋರಿಸಿದ್ರೆ 17.7 ಬಂತು, ಅದು 22 ಕ್ಯಾರೆಟ್ಟಿಗೆ ಸರಿಯಾಗಿದೆ. ಅಪ್ಪಟ ಬಂಗಾರ 19.3, ಬೆಳ್ಳಿ 10.5, ಹಿತ್ತಾಳೆ ಎಂಟೂವರೆ ಹತ್ರ.

ಆದ್ರೆ ನಾಣ್ಯ ಚಿಕ್ಕದಾದಷ್ಟೂ ಈ ಲೆಕ್ಕ ತಪ್ಪುತ್ತೆ. 3.38 ಗ್ರಾಂ ವರಹಕ್ಕೆ 0.18 ತೋರಿಸಿದ್ರೆ 18.8, 0.20 ತೋರಿಸಿದ್ರೆ 16.9, ತಕ್ಕಡಿ ಕೊನೇ ಅಂಕಿ ಒಂಚೂರು ಅಲ್ಲಾಡಿದ್ರೂ ಕ್ಯಾರೆಟ್ಟೇ ಬದಲಾಗುತ್ತೆ. ಹಣಕ್ಕಂತೂ ಇದು ಸುಮ್ನೆ ಆಟ. ಹಿತ್ತಾಳೆ ಹಿಡಿಯೋಕೆ ಸಾಕು, ಒಳ್ಳೆ ಕಳ್ಳನ್ನ ಹಿಡಿಯೋಕೆ ಸಾಲಲ್ಲ.

ಅಜ್ಜಿ ಪುತಳಿ ಸರದಲ್ಲಿರೋ ನಾಣ್ಯ ವೆನಿಸ್‌ದಂತೆ ನಿಜಾನಾ? ಹರಾಜಿಗೆ ಬರುತ್ತಾ?

ಪುತಳಿಯ ಮೂಲ ವೆನಿಸ್‌ನ ಡುಕಾಟೇ, ಮೂರೂವರೆ ಗ್ರಾಂ, ಹೆಚ್ಚೂ ಕಮ್ಮಿ ಅಪ್ಪಟ ಬಂಗಾರ. ಅಲ್ಲಿನ ಆಳೋನು ಸಂತನೊಬ್ಬನ ಮುಂದೆ ಮೊಣಕಾಲೂರಿರೋ ಚಿತ್ರ, ನಮ್ಮೋರು ಅದನ್ನ ರಾಮ ಸೀತೆ ಅನ್ಕೊಂಡು ಕೊರಳಿಗೆ ಹಾಕ್ಕೊಂಡ್ರು. ಬೇಡಿಕೆ ಜಾಸ್ತಿ ಆದಂಗೆ ಇಲ್ಲಿನ ಅಕ್ಕಸಾಲಿಗರೇ ಹೊಡೆಯೋಕೆ ಶುರು ಮಾಡಿದ್ರು, ಅವರಿಗೆ ಲ್ಯಾಟಿನ್ ಬರಲ್ಲ, ಹಂಗಾಗಿ ಅಕ್ಷರ ಅರ್ಥವಿಲ್ಲದ ಗೀಟು. ಮನೆಗಳಲ್ಲಿರೋ ಪುತಳೀಲಿ ಹೆಚ್ಚಿನವು ಇವೇ. ಅಸಲಿ ಆದ್ರೂ ಕೊಂಡಿ ಬೆಸುಗೆ ಹಾಕಿದ ಗುರುತಿದ್ರೆ ಸಂಗ್ರಹಕಾರರು ಬೆಲೆ ಇಳಿಸ್ತಾರೆ. ಕೊಂಡಿ ಕೀಳಿಸಿ, ಪಾಲಿಶ್ ಹೊಡೆಸಿ ಹರಾಜಿಗೆ ತರೋದು ಇನ್ನೂ ತಪ್ಪು. ಸರ ಸರವಾಗೇ ಇರ್ಲಿ, ಮೊಮ್ಮಗಳಿಗೆ ಕೊಡಿ.

ಹುಣಸೆಹಣ್ಣು ಹಾಕಿ ತಿಕ್ಕಿ ಕಳಿಸ್ಲಾ? ಮಂಕಾಗಿದೆ

ತಿಕ್ಕಬೇಡಿ. ಹುಣಸೆ, ಅಂಟುವಾಳ, ಹಲ್ಲುಜ್ಜೋ ಪುಡಿ, ಯಾವುದೂ ಬೇಡ.

ಗಾಜಿನ ಡಬ್ಬೀಲಿ ಸರ್ಟಿಫಿಕೇಟ್ ಜೊತೆ ಬಂದಿರೋದು ತಗೊಂಡ್ರೆ ನಿಶ್ಚಿಂತೆ ಅಲ್ವಾ?

ಅದು ಗಾಜಲ್ಲ, ಗಟ್ಟಿ ಪ್ಲಾಸ್ಟಿಕ್ಕು. ಎನ್‌ಜಿಸಿ, ಪಿಸಿಜಿಎಸ್ ಅಂತ ಅಮೆರಿಕದ ಕಂಪನಿಗಳು ನಾಣ್ಯ ಪರೀಕ್ಷೆ ಮಾಡಿ, 70ರ ತನಕ ಅಂಕ ಕೊಟ್ಟು ಸೀಲ್ ಮಾಡ್ತವೆ. ಬ್ರಿಟಿಷ್ ಮೊಹರು, ಸವರನ್‌ಗೆ ತುಂಬಾ ಉಪಯೋಗ. ಡಬ್ಬಿಯನ್ನೇ ನಕಲಿ ಮಾಡೋರೂ ಇದಾರೆ, ಅದಕ್ಕೆ ಮೇಲಿರೋ ನಂಬರನ್ನ ಕಂಪನಿ ವೆಬ್‌ಸೈಟಲ್ಲಿ ಹಾಕಿ ಅಲ್ಲಿ ಬರೋ ಫೋಟೋ, ಕೈಲಿರೋ ನಾಣ್ಯ ಎರಡನ್ನೂ ಗೀರು ಗೀರು ಹೋಲಿಸಿ.

## ಸ್ವಲ್ಪ ಪಳಗಿದವರಿಗೆ

ಹೈದರ್ ಆಲಿ ನಾಣ್ಯ ಅಂತ ಹಾಕಿದಾರೆ, ಮೇಲೆ ಶಿವ ಪಾರ್ವತಿ ಇದಾರೆ. ನಕಲಿ ತಾನೇ?

ಅಲ್ಲ, ಅಸಲಿ ಇರೋದೇ ಹಂಗೆ. ಇಕ್ಕೇರಿ ನಾಯಕರ ವರಹದ ಮೇಲೆ ಶಿವ ಪಾರ್ವತಿ ಇದ್ರು, ಜನ ಅದನ್ನ ನಂಬಿದ್ರು. 1763ರಲ್ಲಿ ಹೈದರ್ ಅವರ ರಾಜಧಾನಿ ಬಿದನೂರು ತಗೊಂಡಾಗ ನಂಬಿಕೆ ಇರೋ ಮುಖಾನ ಹಂಗೇ ಬಿಟ್ಟು ಹಿಂಬದಿ ಮಾತ್ರ ಬದಲಾಯಿಸಿದ, ಚುಕ್ಕಿ ತುಂಬಿದ ಬಯಲಲ್ಲಿ ತನ್ನ ಹೆಸರಿನ ಮೊದಲನೇ ಪರ್ಶಿಯನ್ ಅಕ್ಷರ. ಬಹಾದುರಿ ವರಹ ಅಂತಾರೆ. ವ್ಯಾಪಾರಸ್ಥರು ಚಿತ್ರ ನೋಡಿ ದುಡ್ಡು ತಗೋತಾರೆ ಅಂತ ಹೈದರನಿಗೆ ಚೆನ್ನಾಗಿ ಗೊತ್ತಿತ್ತು.

ಟಿಪ್ಪು ನಾಣ್ಯದ ಇಸವಿ ಯಾವ ಲೆಕ್ಕಕ್ಕೂ ತಾಳೆ ಆಗ್ತಿಲ್ಲ, 6221 ಅಂತಿದೆ

ಬಲದಿಂದ ಎಡಕ್ಕೆ ಓದಿ, 1226. ಟಿಪ್ಪು 1787ರಿಂದ ಹಿಜರಿ ಬಿಟ್ಟು ಮೌಲೂದಿ ಅನ್ನೋ ಲೆಕ್ಕ ತಂದ, ಅದರಲ್ಲಿ ನಾಣ್ಯದ ಮೇಲೆ ಮೊದಲು ಬರೋ ಇಸವಿ 1215, ಅಂಕಿಗಳನ್ನೂ ತಿರುವಿ ಹಾಕಿಸಿದ. ಹೆಸರುಗಳೂ ಅವನವೇ, ಮೊಹರಿಗೆ ಅಹಮದಿ, ಅರ್ಧಕ್ಕೆ ಸಿದ್ದಿಕಿ, ವರಹಕ್ಕೆ ಫಾರೂಕಿ. ನಕಲಿ ಮಾಡೋರು ಎಷ್ಟೋ ಸಲ ಮುಗ್ಗರಿಸೋದು ಈ ಅಂಕಿ ಹತ್ರಾನೇ, ಹೊಸ ಲೆಕ್ಕದ ಇಸವೀನ ಎಡದಿಂದ ಬಲಕ್ಕೆ ಸೀದಾ ಬರೆದಿದ್ರೆ ಅನುಮಾನ ಪಡಿ.

ರಿಸ್ಟ್ರೈಕ್ ಅಂತ ಕ್ಯಾಟಲಾಗಲ್ಲಿ ಇದ್ರೆ ನಕಲಿ ಅಂತಾನಾ?

ನಕಲಿ ಅಲ್ಲ, ತಡವಾಗಿ ಹುಟ್ಟಿದ್ದು. ಕಲ್ಕತ್ತಾ, ಬಾಂಬೆ ಟಂಕಸಾಲೆಗಳು ಸಂಗ್ರಹಕಾರರಿಗೆ ಅಂತ ಹಳೇ ಇಸವಿಯ ಅಚ್ಚಲ್ಲೇ ಮತ್ತೆ ಹೊಡೆದು ಕೊಡ್ತಿದ್ವು. ಇಂಗ್ಲೆಂಡಿನ ರಾಜ ನಾಲ್ಕನೇ ವಿಲಿಯಂನ 1835ರ ಜೋಡಿ ಮೊಹರಲ್ಲಿ (ಎರಡು ಮೊಹರಿನ ಬೆಲೆಯ ಒಂದೇ ನಾಣ್ಯ) ಇಂಥವು ಬರ್ತವೆ. ಸರ್ಕಾರದ್ದೇ ಅಚ್ಚು, ಆದ್ರೆ ಆ ವರ್ಷದ್ದಲ್ಲ, ಬೆಲೇಲಿ ಭಾರಿ ವ್ಯತ್ಯಾಸ. ಬಯಲು ಕನ್ನಡಿ ತರ ಹೊಳೀತಿದ್ರೆ, ಚಲಾವಣೆ ಸವೆತ ಒಂಚೂರೂ ಇಲ್ದಿದ್ರೆ ಕೈ ಎತ್ತೋಕೆ ಮುಂಚೆ ಹರಾಜಿನವರನ್ನ ಬಾಯಿ ಬಿಟ್ಟು ಕೇಳಿ.

ಮಾರಿದ್ರೆ ಟ್ಯಾಕ್ಸ್ ಕಟ್ಬೇಕಾ? ಮನೆ ಸಾಮಾನು ಅಲ್ವಾ?

ಕಟ್ಬೇಕು. ಫ್ರಿಜ್ಜು, ಮಂಚ ಸ್ವಂತ ಬಳಕೆ ಸಾಮಾನು ಅಂತ ಬಿಡ್ತಾರೆ, ಪುರಾತನ ಸಂಗ್ರಹಕ್ಕೆ ಆ ವಿನಾಯಿತಿ ಇಲ್ಲ. 24 ತಿಂಗಳ ಮೇಲೆ ಇಟ್ಕೊಂಡು ಮಾರಿದ್ರೆ ಲಾಭದ ಮೇಲೆ 12.5 ಪರ್ಸೆಂಟು, 2024ರ ಜುಲೈ 23ರಿಂದ ಈ ಲೆಕ್ಕ. ಅಪ್ಪ ಅಜ್ಜನಿಂದ ಬಂದಿದ್ರೆ ಅವರು ಕೊಂಡ ಬೆಲೆ ಹಿಡೀಬೇಕು, 2001ರ ಏಪ್ರಿಲ್ 1ಕ್ಕೆ ಮುಂಚಿನದಾದ್ರೆ ಅವತ್ತಿನ ಮಾರುಕಟ್ಟೆ ಬೆಲೆ ಹಿಡಿಯೋ ಅವಕಾಶ ಐತೆ. ಸಿಎ ಹತ್ರ ಹೋಗುವಾಗ ಬಿಲ್ಲಿನ ಫೈಲ್ ತಗೊಂಡು ಹೋಗಿ.

ನನ್ನ ಮಕ್ಕಳಿಗೆ ಇದರ ಗಂಧ ಗಾಳಿ ಇಲ್ಲ. ನಾನು ಹೋದ್ಮೇಲೆ ಕರಗಿಸಿಬಿಟ್ರೆ?

ಕರಗಿಸ್ತಾರೆ. ಬೈಕೋಬೇಡಿ, ಅವರಿಗೆ ಗೊತ್ತಾಗೋ ಹಂಗೆ ನಾವೇ ಇಟ್ಟಿರಲ್ಲ. ಒಂದೊಂದು ನಾಣ್ಯಕ್ಕೂ ಒಂದು ಕಾಗದದ ಕವರ್, ಮೇಲೆ ಕನ್ನಡದಲ್ಲಿ: ಏನು, ಯಾರದ್ದು, ತೂಕ, ಯಾವ ಹರಾಜು, ಲಾಟ್ ನಂಬರು, ಕೊಟ್ಟ ದುಡ್ಡು, ಮಾರೋದಾದ್ರೆ ಎಲ್ಲಿ ಕೇಳ್ಬೇಕು. ಕ್ಯಾಟಲಾಗಿನ ಆ ಪುಟ ಕತ್ತರಿಸಿ ಜೊತೆಗಿಡಿ. ಎಲ್ಲಿಂದ ಬಂತು ಅನ್ನೋ ದಾರಿ ಗೊತ್ತಿರೋ ನಾಣ್ಯಕ್ಕೆ ಮುಂದಿನ ಹರಾಜಲ್ಲಿ ಬೇರೇನೇ ಬೆಲೆ, ಕವರ್ ಇಲ್ದಿದ್ರೆ ಅದು ಬರೀ ಮೂರೂವರೆ ಗ್ರಾಂ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಬೇಡಿ, ಜಿಗುಟು ಬಿಡುತ್ತೆ. ನನ್ನ ಮಗಳು ನಾನು ಬ್ಯಾಂಕ್ ಲಾಕರಿಗೆ ಹೋಗುವಾಗ ಜೊತೆಗೆ ಬಂದು ಮೊಬೈಲಲ್ಲಿ ಎಲ್ಲಾ ಕವರ್ ಫೋಟೋ ತೆಗೆದಿಟ್ಟಿದಾಳೆ. ಆ ಬಾಲಕೃಷ್ಣನ ಕವರೂ ಅದರಲ್ಲೇ ಐತೆ, ಮೇಲೆ ಕೆಂಪು ಶಾಯೀಲಿ ದೊಡ್ಡದಾಗಿ 'ನಕಲಿ, ಮಾರಬೇಡಿ' ಅಂತ ಬರೆದಿದೀನಿ.